ಸಾರಕ್ಕಿ ಜಂಕ್ಷನ್ ಬಳಿ ಸಂಚಾರ ನಿಧಾನ

ಆಗಸ್ಟ್ ಆರು, ಮಂಗಳವಾರ, ಬೆಳಿಗ್ಗೆ ಎಂಟು ನಲವತ್ತು. ಆ ಹೊತ್ತಿಗೆ ನಾನು ರೇಡಿಯೊದ ಮೈಕಿನ ಮುಂದೆ ಕೂತು ಓದಿದ್ದು ಇಷ್ಟು: “ಸಾರಕ್ಕಿ ಜಂಕ್ಷನ್ ಬಳಿ ದ್ವಿಚಕ್ರ ವಾಹನವೊಂದು ಕೆಟ್ಟು ನಿಂತಿರುವುದರಿಂದ ಸಂಚಾರ ನಿಧಾನವಾಗಿದೆ. ಬನಶಂಕರಿ ಕಡೆಯಿಂದ ಬರುವವರು ದಯವಿಟ್ಟು ಬದಲಿ ರಸ್ತೆ ಬಳಸಿ.” ಒಂಬತ್ತು ಗಂಟೆಗೆ ಮತ್ತೆ ಓದಿದೆ: “ಸಾರಕ್ಕಿ ಜಂಕ್ಷನ್ ಬಳಿ ಈಗ ಸಂಚಾರ ಸುಗಮವಾಗಿದೆ.”

ಆ ದ್ವಿಚಕ್ರ ವಾಹನ ಅಪ್ಪನ ಸ್ಕೂಟರ್. ಅದು ಕೆಟ್ಟಿರಲಿಲ್ಲ. ಅಪ್ಪ ಅದನ್ನು ರಸ್ತೆಯ ನಡುವೆಯೇ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಇಳಿದು, ಪಕ್ಕದಲ್ಲಿ ಕೂತು, ಆಮೇಲೆ ಮಲಗಿಬಿಟ್ಟಿದ್ದರು. ಮೊದಲ ಸಲ ಓದುವಾಗ ಅವರು ಇನ್ನೂ ಅಲ್ಲೇ ಇದ್ದರು. ಎರಡನೆಯ ಸಲ ಓದುವ ಹೊತ್ತಿಗೆ ಅವರನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಆಗಿತ್ತು. ಆಸ್ಪತ್ರೆಗೆ ತರುವ ಮೊದಲೇ ಹೋಗಿದ್ದಾರೆ, ಹೃದಯ, ಎಂದು ವೈದ್ಯರು ಹೇಳಿದರು.

ಆಸ್ಪತ್ರೆಯವರು ಅಪ್ಪನ ವಾಚು, ಕನ್ನಡಕ, ಅಂಗಡಿಯ ಬೀಗದ ಕೈ ಮತ್ತು ಒಂದು ನೀರಿನ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಬಾಟಲಿ ನಮ್ಮದಲ್ಲ. ಮಕ್ಕಳು ಶಾಲೆಗೆ ಒಯ್ಯುವಂಥ ಸಣ್ಣ ಸ್ಟೀಲ್ ಬಾಟಲಿ, ನೀಲಿ ಮುಚ್ಚಳ, ಮೈಮೇಲೆ ಅರ್ಧ ಕಿತ್ತುಹೋದ ಆನೆಯ ಸ್ಟಿಕರ್. ಒಳಗೆ ಅರ್ಧದಷ್ಟು ನೀರಿತ್ತು. ಅಮ್ಮ ಅದನ್ನು ಅಲುಗಾಡಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

“ಯಾರೋ ನೀರು ಕೊಟ್ಟಿದ್ದಾರೆ. ಯಾರು ಅಂತ ಕೇಳು. ಬಾಯಿಗೆ ನೀರು ಬಿತ್ತಾ, ಏನಾದ್ರೂ ಅಂದ್ರಾ, ಅಷ್ಟು ಕೇಳ್ಕೊಂಡು ಬಾ.”

ಮೂರು ತಿಂಗಳಿಂದ ಅಮ್ಮ ಇದೊಂದನ್ನೇ ಕೇಳುತ್ತಿದ್ದಾಳೆ. ನಾನಿದನ್ನು ಬರೆಯುತ್ತಿರುವುದೂ ಅದಕ್ಕಾಗಿಯೇ. ನನಗೆ ಶಾಲೆಯ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸ. ಅದರಲ್ಲಿ ಅನಿಸಿಕೆ ಕಡಿಮೆ, ತಾರೀಖು ಮತ್ತು ಲೆಕ್ಕ ಹೆಚ್ಚು. ಆ ದಿನದ ಪುಟದಲ್ಲಿ ನಾನು ಓದಿದ ಪ್ರಕಟಣೆಗಳಿವೆ, ಆಸ್ಪತ್ರೆಯಲ್ಲಿ ಎಷ್ಟು ಕಡೆ ಸಹಿ ಹಾಕಿದೆ ಎಂಬುದಿದೆ. ಏನನಿಸಿತು ಎಂದು ಬರೆಯಲು ಒಂದು ಸಾಲು ಜಾಗ ಬಿಟ್ಟಿದ್ದೆ. ಅದು ಈಗಲೂ ಖಾಲಿ ಇದೆ.

ನಾನು ಕೆಲಸ ಮಾಡುವುದು ಒಂದು ಸಮುದಾಯ ಬಾನುಲಿಯಲ್ಲಿ. ಜೆ.ಪಿ. ನಗರದಲ್ಲಿ ಒಂದು ಟ್ರಸ್ಟಿನ ಕಟ್ಟಡದ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ತಾರಸಿಯ ಮೇಲೊಂದು ಕಂಬ. ಒಂದು ಕಡೆ ವಿಲ್ಸನ್ ಗಾರ್ಡನ್ ತನಕ, ಇನ್ನೊಂದು ಕಡೆ ಹುಳಿಮಾವಿನ ತನಕ ನಮ್ಮ ದನಿ ಕೇಳುತ್ತದೆ, ಆಚೆಗೆ ಬರೀ ಗರಗರ. ನಮ್ಮಂಥ ರೇಡಿಯೊಗಳು ಸ್ವಂತವಾಗಿ ಸುದ್ದಿ ಹೇಳುವಂತಿಲ್ಲ. ಸರ್ಕಾರಿ ಬಾನುಲಿಯ ವಾರ್ತೆಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು. ಸಂಚಾರ, ಹವಾಮಾನ, ನೀರು, ಕರೆಂಟು, ಪರೀಕ್ಷೆಯ ಫಲಿತಾಂಶ, ಇವು ಸುದ್ದಿಯಲ್ಲ, ಮಾಹಿತಿ. ಇವನ್ನು ಹೇಳಬಹುದು. ಸುದ್ದಿ ಎಲ್ಲಿ ಮುಗಿದು ಮಾಹಿತಿ ಎಲ್ಲಿ ಶುರುವಾಗುತ್ತದೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಾಗಾಗಿ ಪ್ರತಿ ಕೇಂದ್ರವೂ ಪರವಾನಗಿ ಹೋಗುವ ಭಯಕ್ಕೆ ತನ್ನದೇ ಒಂದು ಗೆರೆ ಎಳೆದುಕೊಂಡಿದೆ, ಕಾನೂನು ಎಳೆದದ್ದಕ್ಕಿಂತ ಸ್ವಲ್ಪ ಈಚೆಗೇ.

ನಮ್ಮ ಗೆರೆ ಎಳೆದವರು ಮ್ಯಾನೇಜರ್ ಮೇಡಂ. ಬಹಳ ವರ್ಷ ಬೇರೆ ಕಡೆ ಉದ್ಘೋಷಕಿಯಾಗಿದ್ದವರು. ನಾನು ಸೇರಿದ ದಿನವೇ ಕೂರಿಸಿಕೊಂಡು ಹೇಳಿಕೊಟ್ಟರು.

“ನೋಡಮ್ಮ, ಆಕ್ಸಿಡೆಂಟ್ ಆಯ್ತು ಅಂದ್ರೆ ಅದು ನ್ಯೂಸ್. ಟ್ರಾಫಿಕ್ ಸ್ಲೋ ಇದೆ ಅಂದ್ರೆ ಇನ್ಫರ್ಮೇಶನ್. ಯಾಕೆ ಸ್ಲೋ ಅಂದ್ರೆ, ಗಾಡಿ ಕೆಟ್ಟಿದೆ. ಅಷ್ಟೇ.”

“ಮನುಷ್ಯರು ಬಿದ್ದಿದ್ರೆ ಮೇಡಂ?”

“ಗಾಡಿನೂ ಬಿದ್ದಿರುತ್ತಲ್ಲ. ಅದನ್ನ ಹೇಳು.”

ಹೀಗೆ ನಮ್ಮಲ್ಲಿ ಪ್ರತಿಭಟನೆಗೆ ಜನಸಂದಣಿ ಎನ್ನುತ್ತೇವೆ. ಬೆಂಕಿ ಬಿದ್ದರೆ ರಸ್ತೆ ತಾತ್ಕಾಲಿಕ ಬಂದ್. ಗೋಡೆ ಕುಸಿದರೆ ಕಾಮಗಾರಿ. ಮನುಷ್ಯ ಬಿದ್ದರೆ ಕೆಟ್ಟು ನಿಂತ ವಾಹನ. ಹೊಸಬರು ಒಂದು ವಾರದಲ್ಲಿ ಕಲಿಯುತ್ತಾರೆ. ಕೇಳುಗರೂ ಕಲಿತಿದ್ದಾರೆ, ಅದು ನನಗೆ ಆಮೇಲೆ ತಿಳಿಯಿತು.

ಸಂಚಾರದ ಮಾಹಿತಿ ನಮಗೆ ಬರುವುದು ಕೇಳುಗರಿಂದ. ಸಾರಕ್ಕಿಯದನ್ನು ಕೊಡುವವರು ಅಲ್ಲಿನ ಹಳೇ ಊರಿನ ಅಂಕಲ್ ಒಬ್ಬರು. ಕೆರೆಯ ಪಕ್ಕ ಅವರ ಮನೆತನದ ಹೊಲಗಳಿದ್ದವಂತೆ. ಈಗ ಮೂರು ಅಂತಸ್ತಿನ ಮನೆ, ಕೆಳಗೆ ಮೇಲೆ ಬಾಡಿಗೆಯವರು, ಮಧ್ಯದ ಬಾಲ್ಕನಿಯಲ್ಲಿ ಅವರ ಕುರ್ಚಿ. ಅಲ್ಲಿಂದ ಜಂಕ್ಷನ್ ಪೂರ್ತಿ ಕಾಣುತ್ತದೆ. ಕಾಫಿ ಲೋಟ ಹಿಡಿದು ದಿನಾ ಬೆಳಿಗ್ಗೆ ಫೋನ್ ಮಾಡುತ್ತಾರೆ.

“ಇವತ್ತು ಜಾಮ್ ಇಲ್ಲ ಕಣಮ್ಮ. ಅದೇ ನಿಜವಾದ ಸುದ್ದಿ. ನೀವು ಹೇಳೋ ಹಂಗಿಲ್ಲ, ಪಾಪ.”

ಒಮ್ಮೆ ಕೇಳಿದರು, “ನನ್ನ ರಿಪೋರ್ಟರ್ ಅಂತ ಅನೌನ್ಸ್ ಮಾಡ್ರಮ್ಮ, ಮನೇಲಿ ಸ್ವಲ್ಪ ಮರ್ಯಾದೆ ಸಿಗುತ್ತೆ.”

“ಆಗಲ್ಲ ಅಂಕಲ್. ರಿಪೋರ್ಟರ್ ಅಂದ್ರೆ ನ್ಯೂಸ್ ಆಗ್ಬಿಡುತ್ತೆ. ಕೇಳುಗರು ಅಂತ ಹೇಳ್ತೀನಿ.”

“ಅದು ಸರಿ. ಈ ಮನೇಲಿ ಎಲ್ರೂ ಮಾತಾಡೋರೇ, ಕೇಳೋನು ನಾನೊಬ್ನೇ.”

ಆಗಸ್ಟ್ ಆರರಂದು ಅವರ ಕರೆ ಬಂದಾಗ ನಾನು ಹಾಡು ಹಾಕಿ ಪ್ರಕಟಣೆಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಕೇಳುಗರ ಕರೆಗಳೆಲ್ಲ ನಮ್ಮಲ್ಲಿ ರೆಕಾರ್ಡ್ ಆಗುತ್ತವೆ, ಕೆಲವು ವಾರ ಇಟ್ಟು ಅಳಿಸುತ್ತೇವೆ. ಆ ದಿನದ್ದನ್ನು ಆಮೇಲೆ ಕೇಳಿ ಬರೆದುಕೊಂಡೆ.

“ಸಾರಕ್ಕಿ ಜಂಕ್ಷನ್, ಟೂ ವೀಲರ್ ಒಂದು ಕೆಟ್ಟು ನಿಂತಿದೆ ಅಂತ ಹಾಕ್ಕೊಳಮ್ಮ.”

“ಎಷ್ಟೊತ್ತಿಂದ ಅಂಕಲ್?”

“ಈಗ್ಲೇ. ಜನ ಸೇರ್ತಿದ್ದಾರೆ.”

“ಜನ ಸೇರಿರೋದು ಬೇಡ ಅಂಕಲ್.”

“ಬೇಡ ಬಿಡಿ. ಗಾಡಿ ಅಷ್ಟೇ ಹಾಕಿ.”

ಸ್ಟುಡಿಯೊದೊಳಗೆ ಮೊಬೈಲ್ ಒಯ್ಯುವಂತಿಲ್ಲ. ಮೈಕಿನಲ್ಲಿ ಕಿರಿಕಿರಿ ಶಬ್ದ ಬರುತ್ತದೆಂದು ಹೊರಗೆ ಒಂದು ಬುಟ್ಟಿಯಲ್ಲಿ ಹಾಕಿಟ್ಟು ಒಳಗೆ ಹೋಗುತ್ತೇವೆ. ಒಂಬತ್ತರ ಪ್ರಕಟಣೆ ಮುಗಿಸಿ, ಹವಾಮಾನ ಓದಿ, ಮೋಡ ಮುಸುಕಿದ ವಾತಾವರಣ ಎಂದು ಹೇಳಿ ಹೊರಗೆ ಬಂದಾಗ ಅಮ್ಮನ ಕರೆಗಳಿದ್ದವು. “ಅಪ್ಪ ಸಾರಕ್ಕಿ ಹತ್ರ ಬಿದ್ಬಿಟ್ರಂತೆ, ಆಸ್ಪತ್ರೆಯಿಂದ ಫೋನ್ ಬಂದಿತ್ತು, ಬೇಗ ಬಾ” ಎಂದಳು. ಆಟೋ ಹತ್ತಿದೆ. ಚಾಲಕ ಸಾರಕ್ಕಿ ಜಂಕ್ಷನ್ ಮೇಲೆ ಹೋಗಲಾ, ಅಲ್ಲಿ ಜಾಮ್ ಇರುತ್ತಾ ಎಂದು ಕೇಳಿದ. ಈಗ ಸುಗಮವಾಗಿದೆ ಎಂದೆ.

ಜಂಕ್ಷನ್ ದಾಟುವಾಗ ಸ್ಕೂಟರ್ ಕಂಡಿತು. ಯಾರೋ ಅದನ್ನು ತಳ್ಳಿ ಫುಟ್‌ಪಾತಿನ ಮೇಲೆ ಹತ್ತಿಸಿ ಹೂವಿನ ಬುಟ್ಟಿಗಳ ಪಕ್ಕ ನಿಲ್ಲಿಸಿದ್ದರು. ಕನ್ನಡಿಗೆ ಅಪ್ಪ ಕಟ್ಟಿದ ಕೆಂಪು ದಾರ ಹಾಗೇ ಇತ್ತು. ನಾನು ಬೆಳಿಗ್ಗೆ ಓದಿದ್ದು ಯಾವ ವಾಹನದ ವಿಷಯ ಎಂದು ಆಗ ತಿಳಿಯಿತು.

ನಾವು ತಿಪಟೂರು ಕಡೆಯ ಶಿವಭಕ್ತರ ಮನೆತನ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಅಪ್ಪನದು ಸ್ಟೀಲ್ ಪಾತ್ರೆ ಅಂಗಡಿ. ವಿಭೂತಿ ಹಚ್ಚಿ ಕೂರಿಸಿದಾಗ ಅವರು ಅಂಗಡಿಯಲ್ಲಿ ಕೂತ ಹಾಗೆಯೇ ಇದ್ದರು, ಗಿರಾಕಿ ಬರುವುದನ್ನು ನೋಡುತ್ತಾ. ನನಗೆ ಅಳು ಬರಲಿಲ್ಲ. ಬಂದವರು ಎಷ್ಟು ಜನ ಎಂದು ಎಣಿಸಿದೆ. ಅಮ್ಮನೂ ಅಳಲಿಲ್ಲ. ಮನೆಗೆ ಬಂದ ಮೇಲೆ ಬಾಟಲಿಯ ನೀರನ್ನು ತುಳಸಿ ಬುಡಕ್ಕೆ ಹಾಕಿ, ತೊಳೆದು, ತಳವನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಗಡಿಯಲ್ಲಿ ಅಪ್ಪ ಮಾರಿದ ಪ್ರತಿ ಪಾತ್ರೆಯ ಮೇಲೂ ಮಿಷನ್ನಿನಲ್ಲಿ ಗಿರಾಕಿಯ ಹೆಸರು ಕೊರೆದು ಕೊಡುತ್ತಿದ್ದರು. ಇದರ ಮೇಲೆ ಹೆಸರಿರಲಿಲ್ಲ.

“ನಮ್ಮಲ್ಲಿ ತಗೊಂಡಿದ್ದಲ್ಲ,” ಎಂದಳು ಅಮ್ಮ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ ಕೆಲಸಕ್ಕೆ ಹೋದೆ. ಮೇಡಂ ಇನ್ನೂ ರಜೆ ಬೇಕಾದರೆ ತಗೋ ಎಂದರು. ಬೇಡ ಎಂದೆ. ಸಂಚಾರ ಓದಿದೆ, ದನಿ ಸರಿಯಾಗಿಯೇ ಇತ್ತು. ಸಂಜೆ ಸಾರಕ್ಕಿಯ ಅಂಕಲ್ ಮನೆಗೆ ಹೋದೆ. ಅದುವರೆಗೆ ನಾವು ಮುಖ ನೋಡಿರಲಿಲ್ಲ. ದನಿಯಿಂದಲೇ ಗುರುತು ಹಿಡಿದು, “ಓಹೋ, ರೇಡಿಯೊನೇ ಮನೆಗೆ ಬಂತು, ಕಾಫಿ ಮಾಡೇ” ಎಂದು ಒಳಗೆ ಕೂಗಿದರು. ಆರನೇ ತಾರೀಖು ಕೆಟ್ಟು ನಿಂತಿದ್ದ ಸ್ಕೂಟರ್ ನಮ್ಮಪ್ಪನದು ಎಂದು ಹೇಳಿದೆ.

ಅವರು ಬಾಲ್ಕನಿಯ ಕಂಬಿ ಹಿಡಿದುಕೊಂಡು ಕೆಳಗೆ ನೋಡುತ್ತಾ ನಿಂತರು. ಅವರ ಹೆಂಡತಿ ಕಾಫಿ ತಂದಿಟ್ಟು ಹೋದರು.

“ಬಿದ್ದಿದ್ದು ನೋಡಿದೆ ಕಣಮ್ಮ,” ಎಂದರು ಆಮೇಲೆ. “ಗಾಡಿ ಚೆನ್ನಾಗೇ ಇತ್ತು, ಸ್ಟ್ಯಾಂಡ್ ಹಾಕಿತ್ತು. ಮೊದಮೊದಲು ನಾನು ಇಂಥವರು ಬಿದ್ರು, ರಕ್ತ ಬಂತು, ಎಲ್ಲಾ ಹೇಳ್ತಿದ್ದೆ. ನೀವೇ ಅಲ್ವೇನಮ್ಮ ಬೇಡ ಅಂದಿದ್ದು? ಆ ನಿಮ್ಮ ಮೇಡಮ್ಮೂ ಫೋನ್ ಮಾಡಿದ್ರು, ಅಣ್ಣಾ, ಗಾಡಿ ವಿಷಯ ಮಾತ್ರ ಹೇಳಿ ಅಂತ. ಅಭ್ಯಾಸ ಆಗೋಯ್ತು. ಈಗ ಕಣ್ಣಿಗೆ ಮೊದಲು ಗಾಡಿನೇ ಕಾಣುತ್ತೆ.”

“ನೀರು ಕೊಟ್ಟವರು ಯಾರು ಅಂಕಲ್?”

“ಒಬ್ಬ ಹೆಣ್ಮಗಳು. ಹಸಿರು ರೈನ್‌ಕೋಟು. ಮಗೂನ ಸ್ಕೂಲಿಗೆ ಬಿಡಕ್ಕೆ ಹೋಗ್ತಿದ್ಲು ಅನ್ಸುತ್ತೆ, ಸ್ಕೂಟರ್ ನಿಲ್ಲಿಸಿ ಓಡಿಬಂದ್ಲು. ನಿಮ್ಮಪ್ಪನ ತಲೆ ತೊಡೆ ಮೇಲೆ ಇಟ್ಕೊಂಡಿದ್ಲು.”

“ಅಪ್ಪ ಕುಡಿದ್ರಾ?”

“ಅವಳ ಬೆನ್ನು ಕಾಣ್ತಿತ್ತು ಅಷ್ಟೇ.” ಕಾಫಿ ಲೋಟವನ್ನು ನನ್ನ ಕಡೆ ಸರಿಸಿ ಮತ್ತೆ ಅಂದರು, “ಬೆನ್ನು ಅಷ್ಟೇ ಕಣಮ್ಮ. ಸುಳ್ಳು ಹೇಳ್ಬಾರ್ದು.”

ಕಾಫಿ ಕುಡಿದು ಬಂದೆ. ಅಮ್ಮನಿಗೆ ಹೇಳಿದೆ. ತೊಡೆಯ ಮೇಲೆ ತಲೆ ಇಟ್ಟುಕೊಂಡಿದ್ದಳು ಎಂಬಲ್ಲಿಗೆ ಅಮ್ಮ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟಳು. “ಯಾರ ಮನೆ ಮಗಳೋ” ಎಂದಳು. ಮತ್ತೆ ಕಾಯಿ ಮುರಿಯತೊಡಗಿದಳು. “ಅವಳನ್ನ ಹುಡುಕು.”

ಅಪ್ಪನನ್ನು ಕರೆದೊಯ್ದ ಆಟೋ ಚಾಲಕನನ್ನು ಆಸ್ಪತ್ರೆಯ ಗೇಟಿನಲ್ಲಿದ್ದವರ ಮೂಲಕ ಹುಡುಕಿದೆ. ಅವನಿಗೆ ನೆನಪಿತ್ತು. ಆ ಹೆಂಗಸು ಅಪ್ಪನನ್ನು ಹತ್ತಿಸಲು ಕೈ ಕೊಟ್ಟಳು, ಬಾಟಲಿಯನ್ನು ಅವರ ಪಕ್ಕದಲ್ಲೇ ಇಟ್ಟಳು, ಮಗು ಹೆದರಿ ಅಳುತ್ತಿದ್ದರಿಂದ ಜೊತೆಗೆ ಬರಲಾಗಲಿಲ್ಲ. “ಆಯಮ್ಮ ಏನೋ ಹೇಳಿದ್ರು ಮೇಡಂ, ಹಾರ್ನ್ ಗಲಾಟೇಲಿ ಕೇಳಿಸ್ಲಿಲ್ಲ. ಹಿಂದೆ ಎಲ್ಲಾ ಹೊಡೀತಾನೇ ಇದ್ರು,” ಎಂದ.

ಇನ್ನೊಬ್ಬರು ಸಿಕ್ಕಿದ್ದು ಹುಡುಕದೆಯೇ. ಅಪ್ಪನ ಅಂಗಡಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟವರು. ನನ್ನ ದನಿ ಬರುತ್ತದೆಂದು ಅಪ್ಪನೇ ಅವರಿಗೆ ನಮ್ಮ ರೇಡಿಯೊ ಹಚ್ಚಿಸಿದ್ದರು. ಅಂಗಡಿಯ ಷಟರ್ ಎತ್ತಿ ಧೂಳು ಹೊಡೆಯಲು ನಾನೂ ಅಮ್ಮನೂ ಹೋದಾಗ ಬಂದು ನಿಂತರು. ಮಾರ್ಕೆಟ್ಟಿನಿಂದ ಜಂಕ್ಷನ್ನಿಗೆ ನಡೆದು ಹೋದರೂ ಹೆಚ್ಚು ಹೊತ್ತಿಲ್ಲ.

“ಆವತ್ತು ರೇಡಿಯೊ ಹಾಕಿತ್ತು ಕಣಮ್ಮ. ನೀನೇ ಓದಿದೆ. ಗಾಡಿ ಕೆಟ್ಟಿದೆ ಅಂದೆ. ಸರಿ, ಮಾಲು ತರೋನಿಗೆ ಸುತ್ಕೊಂಡು ಬಾರಪ್ಪ ಅಂದೆ. ಯಾರೋ ಬಿದ್ದಿದ್ದಾರೆ ಅಂದಿದ್ರೆ ಹೋಗಿ ನೋಡ್ತಿದ್ದೆ. ಯಾರೇ ಆಗಿದ್ರೂ ನೋಡ್ತಿದ್ದೆ, ನಮ್ಮ ಬುದ್ಧಿನೇ ಹಂಗೆ.”

ಅಮ್ಮ ನನ್ನ ಕಡೆ ನೋಡಲಿಲ್ಲ. ಪಾತ್ರೆಗಳನ್ನು ಒರೆಸುತ್ತಾ ಇದ್ದಳು.

ಆ ರಾತ್ರಿ ದಿನಚರಿಯನ್ನು ಹಿಂದಕ್ಕೆ ತಿರುವಿ ಜುಲೈ ತಿಂಗಳಲ್ಲಿ ನಾನು ಓದಿದ ಕೆಟ್ಟು ನಿಂತ ವಾಹನಗಳನ್ನು ಎಣಿಸಿದೆ. ಹತ್ತೊಂಬತ್ತು. ಸಾರಕ್ಕಿಯವನ್ನು ಅಂಕಲ್‌ಗೆ ಫೋನಿನಲ್ಲಿ ಓದಿ ಹೇಳಿದೆ. ಒಂದು ನಿಜವಾಗಿಯೂ ಕೆಟ್ಟ ಸಿಟಿ ಬಸ್ಸು ಎಂದರು. ಒಂದು ನೀರಿನ ಟ್ಯಾಂಕರ್, ಅದೂ ನಿಜ. ಉಳಿದವು ನೆನಪಿಲ್ಲ ಎಂದರು. ಉಳಿದವುಗಳ ಎದುರು ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮಲಗಿದೆ. ನಿದ್ದೆ ಬಂತು.

ರೇಡಿಯೊ ಕೆಲಸದ ಜೊತೆಗೆ ನನಗೆ ಇನ್ನೊಂದು ಕೆಲಸವಿದೆ. ನಗರದ ದಕ್ಷಿಣ ಭಾಗದ ಸಣ್ಣ ರೇಡಿಯೊಗಳು, ಬಡಾವಣೆಯ ಕೇಬಲ್ ಚಾನೆಲ್‌ಗಳು ಸೇರಿಕೊಂಡು ಒಂದು ಸಂಘ ಮಾಡಿಕೊಂಡಿವೆ. ಅದರ ತಿಂಗಳ ಬುಲೆಟಿನ್ ಸಿದ್ಧಪಡಿಸುವವಳು ನಾನು. ಬಿ.ಟಿ.ಎಂ. ಲೇಔಟಿನ ಕೇಂದ್ರಕ್ಕೆ ಹೊಸ ಮಿಕ್ಸರ್ ಬಂತು, ಇಂಥ ಚಾನೆಲ್ಲಿನ ಕ್ಯಾಮೆರಾಮನ್ ನಿವೃತ್ತರಾದರು, ಪರವಾನಗಿ ನವೀಕರಣಕ್ಕೆ ಯಾವ ಕಾಗದ ಬೇಕು, ಗುಡುಗಿನ ದಿನ ಟ್ರಾನ್ಸ್‌ಮಿಟರ್ ಕಾಪಾಡಿಕೊಳ್ಳುವುದು ಹೇಗೆ, ಹೀಗೆ ಪ್ರಸಾರದವರೇ ಪ್ರಸಾರದವರಿಗೆ ಹೇಳಿಕೊಳ್ಳುವ ವಿಷಯಗಳು. ಆಗಸ್ಟ್ ಸಂಚಿಕೆಯಲ್ಲಿ ಅಧ್ಯಕ್ಷರು ತಾವೇ ಒಂದು ಸುದ್ದಿ ಸೇರಿಸಿದ್ದರು: ನಮ್ಮ ಬುಲೆಟಿನ್ ಸಂಪಾದಕಿಗೆ ಪಿತೃವಿಯೋಗ. ಅದು ಮಿಕ್ಸರಿಗೂ ನಿವೃತ್ತಿಗೂ ನಡುವೆ ಇತ್ತು. ಕರಡು ತಿದ್ದುವಾಗ ನೋಡಿದೆ. ವಾಕ್ಯ ಸ್ವಲ್ಪ ಉದ್ದವಾಗಿತ್ತು, ಎರಡು ಮಾಡಿದೆ.

ಸೆಪ್ಟೆಂಬರಿನಲ್ಲಿ ಸಂಘದ ಸಭೆ. ಜಯನಗರದಲ್ಲಿ ಒಂದು ದರ್ಶಿನಿ ಹೋಟೆಲಿನ ಮೇಲಿನ ಕೋಣೆಯಲ್ಲಿ ಸೇರುತ್ತೇವೆ, ಒಳಗೆ ಯಾವಾಗಲೂ ಸಾಂಬಾರಿನ ವಾಸನೆ. ಸಣ್ಣ ಪ್ರಸಾರಕರಿಗೆ ತಮ್ಮ ಬಡಾವಣೆಯ ಅಪಘಾತ, ಅನಾಹುತಗಳನ್ನು ಇದ್ದ ಹಾಗೆ ಹೇಳಲು ಅವಕಾಶ ಕೊಡಿ ಎಂದು ದೆಹಲಿಗೆ ಒಂದು ಮನವಿ ಕಳಿಸಬೇಕೆಂದು ಸಂಘ ಬಹಳ ದಿನದಿಂದ ಮಾತಾಡುತ್ತಿತ್ತು. ಕರಡು ಬರೆಯುವ ಕೆಲಸ ನನಗೆ ಬಂತು. ಸಭೆ ಮುಗಿದ ಮೇಲೆ ಅಧ್ಯಕ್ಷರು ನನ್ನನ್ನು ನಿಲ್ಲಿಸಿಕೊಂಡರು. ಬನಶಂಕರಿಯಲ್ಲಿ ಕೇಬಲ್ ಚಾನೆಲ್ ನಡೆಸುವವರು, ಒಳ್ಳೆಯವರು, ಅಪ್ಪನ ಮಣ್ಣಿಗೂ ಬಂದಿದ್ದರು.

“ಬೇಜಾರ್ ಮಾಡ್ಕೋಬೇಡಮ್ಮ, ನಿಮ್ಮ ತಂದೆಯವರ ವಿಷಯ ಮನವೀಲಿ ಹಾಕೋಣ. ರಿಯಲ್ ಕೇಸ್. ಮಗಳೇ ಅನೌನ್ಸರ್. ಇದಕ್ಕಿಂತ ಸ್ಟ್ರಾಂಗ್ ಪಾಯಿಂಟ್ ಇಲ್ಲ.”

“ಹಾಕಬಹುದು ಸಾರ್.”

“ಅಪಘಾತ ಅಂತ ಹೇಳೋಕೆ ಪರ್ಮಿಷನ್ ಇದ್ದಿದ್ರೆ ಜೀವ ಉಳೀತಿತ್ತು ಅಂತ ಒಂದು ಲೈನ್ ಬರಲಿ.”

“ಉಳೀತಿರಲಿಲ್ಲ ಸಾರ್. ಡಾಕ್ಟರ್‌ನ ಕೇಳಿದೀನಿ. ಪಕ್ಕದಲ್ಲೇ ಆಸ್ಪತ್ರೆ ಇದ್ದಿದ್ರೂ ಕಷ್ಟ ಇತ್ತು ಅಂದ್ರು.”

“ಡಾಕ್ಟರ್ ಏನೋ ಹೇಳ್ತಾರೆ.”

“ಪಕ್ಕದ ಅಂಗಡಿಯವರು ಬರ್ತಿದ್ರು. ಗೊತ್ತಿರೋ ಮುಖ ಒಂದು ಹತ್ರ ಇರ್ತಿತ್ತು. ಅಷ್ಟು ಬರೀತೀನಿ.”

ಅಧ್ಯಕ್ಷರು ಬೆವರು ಒರೆಸಿಕೊಂಡರು. “ದೆಹಲೀಲಿ ಕೂತೋರಿಗೆ ಗೊತ್ತಿರೋ ಮುಖ ಅಂದ್ರೆ ಏನಮ್ಮ ತಟ್ಟುತ್ತೆ? ಜೀವ ಉಳೀತಿತ್ತು ಅಂದ್ರೆ ಫೈಲ್ ಮುಂದಕ್ಕೆ ಹೋಗುತ್ತೆ. ಯೋಚ್ನೆ ಮಾಡು. ನಿಮ್ಮಪ್ಪನ ಹೆಸರಲ್ಲಿ ನಾಕು ಜನಕ್ಕೆ ಒಳ್ಳೇದಾದ್ರೆ ಆಗ್ಲಿ.”

ಯೋಚನೆ ಮಾಡಿದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಕೋಪವೂ ಬರಲಿಲ್ಲ. ಆದರೆ ಕರಡು ಬರೆಯಲು ಕೂತಾಗ ಆ ಸಾಲನ್ನು ಬರೆಯಲು ಆಗಲಿಲ್ಲ. ಸ್ಕೂಟರ್ ಕೆಟ್ಟಿದೆ ಎಂದು ಒಮ್ಮೆ ಓದಿ ಆಗಿತ್ತು. ಈಗ ಅಪ್ಪ ಉಳಿಯುತ್ತಿದ್ದರು ಎಂದು ಬರೆದರೆ ಅವರ ವಿಷಯದಲ್ಲಿ ನನ್ನಿಂದ ಎರಡು ಇಲ್ಲದ ಮಾತು ಹೊರಗೆ ಹೋದ ಹಾಗೆ. ಅಮ್ಮನನ್ನು ಕೇಳಿದೆ. “ಉಳೀತಿದ್ರು ಅಂತ ಬರೀಬೇಡ, ನಾನು ನಂಬಿಬಿಡ್ತೀನಿ,” ಎಂದಳು.

ಗೊತ್ತಿರುವ ಮುಖ ಎಂಬ ಸಾಲನ್ನೇ ಬರೆದು ಕಳಿಸಿದೆ. ಅಧ್ಯಕ್ಷರು ಎರಡು ದಿನ ಇಟ್ಟುಕೊಂಡು, ಆ ಪ್ಯಾರಾ ತೆಗೆದು, ಸಾರ್ವಜನಿಕರಿಗೆ ತುರ್ತು ಸಂದರ್ಭಗಳಲ್ಲಿ ಅನನುಕೂಲವಾಗುತ್ತಿದೆ ಎಂದು ಸೇರಿಸಿ ಸಹಿ ಹಾಕಿದರು. ಮನವಿ ಹೋಗಿದೆ. ಸ್ವೀಕರಿಸಿದ್ದೇವೆ ಎಂದು ಒಂದು ಸಾಲಿನ ಉತ್ತರ ಬಂದಿದೆ. ಅದನ್ನು ಅಕ್ಟೋಬರ್ ಬುಲೆಟಿನ್ನಿನ ಮೊದಲ ಪುಟದಲ್ಲಿ ಹಾಕಿದೆವು.

ಇಷ್ಟರಲ್ಲಿ ಅಮ್ಮ ದಿನಾ ಸಂಜೆ ಕೇಳುವುದು ನಿಂತಿರಲಿಲ್ಲ. ಸಿಕ್ಕಿದಳಾ? ಇಲ್ಲಮ್ಮ. ಒಂದು ವಾರ ಬೆಳಿಗ್ಗೆ ಪಾಳಿ ಬದಲಾಯಿಸಿಕೊಂಡು ಶಾಲೆಯ ಹೊತ್ತಿಗೆ ಜಂಕ್ಷನ್ನಿನಲ್ಲಿ ನಿಂತೆ. ಮಳೆ ನಿಂತುಹೋಗಿತ್ತು, ಯಾರೂ ರೈನ್‌ಕೋಟು ಹಾಕಿರಲಿಲ್ಲ. ಹೆಲ್ಮೆಟ್ಟಿನೊಳಗೆ ಎಲ್ಲರೂ ಒಂದೇ ಥರ ಕಾಣುತ್ತಿದ್ದರು. ಆವತ್ತು ಸೇರಿದ್ದ ಜನರ ಮಧ್ಯೆ ತನಗೇನೂ ಕಾಣಲಿಲ್ಲ ಎಂದಿದ್ದ, ಫುಟ್‌ಪಾತಿನಲ್ಲಿ ಹೂ ಮಾರುವ ಅಕ್ಕ, “ದಿನಾ ಬಂದು ನಿಂತ್ಕೊಳ್ಳೋ ಬದಲು ನಿಮ್ಮ ರೇಡಿಯೋಲೇ ಹೇಳ್ಬಾರ್ದೇನಮ್ಮ, ಊರಿನ ಟ್ರಾಫಿಕ್ಕೆಲ್ಲ ಹೇಳ್ತೀಯ,” ಎಂದು ಕೇಳಿದಳು.

ಮೇಡಂ ಹತ್ತಿರ ಹೋದೆ. ಬರೆದುಕೊಂಡು ಹೋಗಿದ್ದೆ: ಆಗಸ್ಟ್ ಆರರಂದು ಸಾರಕ್ಕಿ ಜಂಕ್ಷನ್ನಿನಲ್ಲಿ ಕುಸಿದುಬಿದ್ದು ತೀರಿಕೊಂಡವರಿಗೆ ನೀರು ಕೊಟ್ಟ ಮಹಿಳೆ ದಯವಿಟ್ಟು ಸಂಪರ್ಕಿಸಬೇಕು. ಮೇಡಂ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಂಗೂ ಅರ್ಥ ಆಗುತ್ತೆ ಪುಟ್ಟಾ. ಆದ್ರೆ ಕುಸಿದುಬಿದ್ದು ತೀರಿಕೊಂಡವರು ಅಂದ್ರೆ ಅದು ಏನು, ನೀನೇ ಹೇಳು.”

“ನ್ಯೂಸ್.”

“ಡಿಸೆಂಬರ್‌ಗೆ ರಿನ್ಯೂವಲ್ ಇದೆ. ನಾಕು ಜನ ಇದೀವಿ ಇಲ್ಲಿ.” ಪೆನ್ನು ತೆಗೆದುಕೊಂಡು ನನ್ನ ಚೀಟಿಯ ಹಿಂದೆ ಬರೆದರು. “ಸಿಕ್ಕಿದ ವಸ್ತು ಅಂತ ಓದಬಹುದು. ಅದು ಅಲೌಡ್. ಬಾಟಲಿ ಸಿಕ್ಕಿದೆ ಅನ್ನು. ಅವರಿಗೆ ತಾನಾಗೇ ಗೊತ್ತಾಗುತ್ತೆ.”

ಓದಿದೆ. “ಸಾರಕ್ಕಿ ಜಂಕ್ಷನ್ ಬಳಿ ಮಕ್ಕಳ ನೀರಿನ ಬಾಟಲಿಯೊಂದು ಸಿಕ್ಕಿದೆ. ಕಳೆದುಕೊಂಡವರು ನಮ್ಮ ಕೇಂದ್ರವನ್ನು ಸಂಪರ್ಕಿಸಬಹುದು.” ಒಂದು ವಾರ, ದಿನಕ್ಕೆ ಎರಡು ಸಲ. ಆರು ಕರೆ ಬಂದವು. ಒಬ್ಬರದು ಗುಲಾಬಿ ಬಣ್ಣದ್ದು. ಒಬ್ಬರು ಬಾಟಲಿ ಕಳೆದದ್ದು ಹುಳಿಮಾವಿನ ಕೆರೆ ಪಾರ್ಕಿನಲ್ಲಿ, ಆದರೂ ಕೇಳಿ ನೋಡೋಣ ಎಂದು ಮಾಡಿದ್ದರಂತೆ. ಒಬ್ಬ ಅಜ್ಜಿ ಟಿಫನ್ ಬಾಕ್ಸ್ ಏನಾದರೂ ಸಿಕ್ಕಿದೆಯಾ ಎಂದರು. ಇನ್ನೊಬ್ಬರು, “ಮೇಡಂ, ಮುಚ್ಚಳ ಟೈಟಾಗಿದೆಯಾ? ಟೈಟಿದ್ರೆ ನಮ್ಮದಲ್ಲ,” ಎಂದರು. ಎಲ್ಲರಿಗೂ ಉತ್ತರ ಕೊಟ್ಟೆ. ಅಮ್ಮ ಅಂಗಡಿಯಲ್ಲಿ ಪಕ್ಕದವರ ರೇಡಿಯೊ ಪಕ್ಕ ಕೂತು ಪ್ರತಿ ಸಲವೂ ಕೇಳಿಸಿಕೊಂಡಳು.

ಏಳನೆಯ ದಿನ ಸಂಜೆ ಅಮ್ಮ ಹೇಳಿದಳು. “ಅವಳು ಬರಲ್ಲ ಕಣೇ. ಅವಳೇನು ಬಾಟಲಿ ಕಳ್ಕೊಂಡಿಲ್ಲ. ಕೊಟ್ಟು ಹೋಗಿದ್ದಾಳೆ. ಕಳೆದುಹೋಗಿದೆ ಅಂದ್ರೆ ಅದು ತನ್ನದು ಅಂತ ಅವಳಿಗೆ ಹೆಂಗೆ ಗೊತ್ತಾಗಬೇಕು?”

ಕೇಂದ್ರದಲ್ಲಿ ನಾಲ್ಕು ಜನ ಕೂತು ಯೋಚಿಸಿದ್ದೆವು, ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ನಾವು ಹಾಗೆ ಬರೆದು ಬರೆದು, ಹಾಗೆ ಬರೆದದ್ದು ಎಲ್ಲರಿಗೂ ಅರ್ಥವಾಗುತ್ತದೆ ಎಂದುಕೊಂಡಿದ್ದೆವು.

ಸಾರಕ್ಕಿಯ ಅಂಕಲ್ ಈಗಲೂ ಫೋನ್ ಮಾಡುತ್ತಾರೆ. ಮೊದಲಿನ ಹಾಗೆ ಹೇಳುವುದಿಲ್ಲ. “ಒಬ್ಬ ಹುಡುಗ ಬಿದ್ದಿದ್ದಾನೆ, ಎದ್ದು ಕೂತಿದ್ದಾನೆ, ಮೊಣಕಾಲು ತರಚಿದೆ. ಗಾಡಿಗೇನೂ ಆಗಿಲ್ಲ. ನೀನು ಏನ್ ಓದ್ತೀಯೋ ಓದ್ಕೋ, ನಾನು ಹೇಳೋದು ಹೇಳಿದೀನಿ,” ಎನ್ನುತ್ತಾರೆ. ಅವರು ಹೇಳಿದ್ದನ್ನು ದಿನಚರಿಯಲ್ಲಿ ಬರೆದುಕೊಂಡು, ಮೈಕಿನ ಮುಂದೆ ಸಂಚಾರ ನಿಧಾನವಾಗಿದೆ ಎಂದು ಓದುತ್ತೇನೆ. ಕೆಟ್ಟು ನಿಂತ ವಾಹನ ಎಂದು ಸೇರಿಸುವುದನ್ನು ಬಿಟ್ಟಿದ್ದೇನೆ. ಮೇಡಂ ಗಮನಿಸಿ ಹಾಗೇ ಬಿಟ್ಟಿದ್ದಾರೆ.

ಇದು ರೇಡಿಯೊ ಅಲ್ಲವಾದ್ದರಿಂದ ಇಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು. ಆಗಸ್ಟ್ ಆರು, ಮಂಗಳವಾರ, ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರ ನಡುವೆ, ಸಾರಕ್ಕಿ ಜಂಕ್ಷನ್ನಿನಲ್ಲಿ, ಬನಶಂಕರಿ ಕಡೆಯಿಂದ ಬರುವ ರಸ್ತೆಯ ಮಧ್ಯೆ ನಮ್ಮಪ್ಪ ಕುಸಿದರು. ಐವತ್ತೆಂಟು ವರ್ಷ, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಹಸಿರು ರೈನ್‌ಕೋಟು ಹಾಕಿದ್ದ ನೀವು ಮಗುವಿನ ಬಾಟಲಿಯಿಂದ ಅವರಿಗೆ ನೀರು ಕೊಟ್ಟಿರಿ. ಅವರು ತೀರಿಕೊಂಡರು. ಅದರಲ್ಲಿ ನಿಮ್ಮಿಂದ ಆಗಬೇಕಾದದ್ದು ಏನೂ ಉಳಿದಿರಲಿಲ್ಲ ಎಂದು ವೈದ್ಯರು ಹೇಳಿದ್ದಾರೆ. ನಿಮಗದು ಗೊತ್ತಿಲ್ಲದಿದ್ದರೆ ಗೊತ್ತಾಗಲಿ.

ಅಮ್ಮನಿಗೆ ಬೇಕಾಗಿರುವುದು ಎರಡೇ ವಿಷಯ: ಅಪ್ಪ ನೀರು ಕುಡಿದರೇ, ಏನಾದರೂ ಹೇಳಿದರೇ. ಕುಡಿಯಲಿಲ್ಲ, ಏನೂ ಹೇಳಲಿಲ್ಲ ಎಂಬುದೇ ಉತ್ತರವಾದರೆ ಅದನ್ನೇ ತಿಳಿಸಿ, ಮೆತ್ತಗೆ ಮಾಡಿ ಹೇಳುವ ಅಗತ್ಯವಿಲ್ಲ. ನೀವಲ್ಲದೆ ಆ ಹೊತ್ತಿಗೆ ಅಲ್ಲಿದ್ದು, ಬೆನ್ನ ಹಿಂದಿನಿಂದಲ್ಲದೆ ಎದುರಿನಿಂದ ನೋಡಿದವರು ಬೇರೆ ಯಾರಾದರೂ ಇದ್ದರೆ ಅವರೂ ಬರೆಯಬೇಕು. ಇದನ್ನು ಪ್ರಕಟಿಸಿದವರ ವಿಳಾಸಕ್ಕೆ ಬರೆದರೆ ನಮಗೆ ತಲುಪುತ್ತದೆ.